ಬೋರಲು ಹಾಕಿದ ಚೀಟಿ

ಅವನನ್ನು ನಾನು ಮೊದಲ ದಿನವೇ ಬೈದೆ.

"ಏನ್ರೀ, ಓದೋಕೆ ಬರಲ್ವಾ ನಿಮಗೆ?"

ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪ್‌ನಲ್ಲಿ ನಾನು ಆರು ವರ್ಷದಿಂದ ಫಾರ್ಮಸಿಸ್ಟ್. ಇನ್ನೊಬ್ಬ ಫಾರ್ಮಸಿಸ್ಟ್ ಆಗಿ ಅವನು ಸೇರಿ ಎರಡು ಗಂಟೆಯೂ ಆಗಿರಲಿಲ್ಲ. ಒಬ್ಬ ಹೆಂಗಸು ಡಾಕ್ಟರ ಚೀಟಿ ಕೊಟ್ಟು ಕಾಯುತ್ತಿದ್ದಳು. ಅವನು ಅದನ್ನು ನೋಡಿದ, ಇನ್ನೊಮ್ಮೆ ನೋಡಿದ, ಕೌಂಟರ್ ಮೇಲೆ ಬೋರಲು ಹಾಕಿ ಕೈಕಟ್ಟಿ ನಿಂತುಬಿಟ್ಟ. ಡಾಕ್ಟರ ಕೋಳಿಕಾಲಿನ ಅಕ್ಷರ ಅರ್ಥವಾಗಿಲ್ಲ ಅಂದುಕೊಂಡೆ.

"ಓದೋಕೆ ಬರುತ್ತೆ," ಅಂದ ಮೆಲ್ಲಗೆ. "ಕೊಡೋಕೆ ಬರಲ್ಲ."

ಅವನ ಕಿವಿ ಎರಡೂ ಕೆಂಪಾಗಿದ್ದವು. ಚೀಟಿ ತಿರುಗಿಸಿ ನೋಡಿದೆ. ಗರ್ಭ ಇಳಿಸುವ ಮಾತ್ರೆ. ನಾನೇ ತೆಗೆದು ಕೊಟ್ಟು, ಹೆಂಗಸು ಅತ್ತ ಹೋದದ್ದೇ ತಡ ತರಾಟೆಗೆ ತೆಗೆದುಕೊಂಡೆ.

"ದೇವರು ಕೊಟ್ಟ ಜೀವ ತೆಗೆಯೋಕೆ ನನ್ನ ಕೈ ಏಳಲ್ಲ ಮೇಡಂ. ಯಜಮಾನರಿಗೆ ಮೊದಲೇ ಹೇಳಿದ್ದೀನಿ. ಬೇರೆ ಏನು ಕೆಲಸ ಬೇಕಾದ್ರೂ ಹೇಳಿ, ಮಾಡ್ತೀನಿ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ? ಅಕ್ಕಿ ಅಂಗಡಿ ಇಡಬೇಕಿತ್ತು."

"ಅಕ್ಕೀಲಿ ಕಲ್ಲು ಬರುತ್ತೆ. ಅದಕ್ಕೂ ನೀವು ಬೈತೀರ."

ನಗು ಉಕ್ಕಿ ಬಂತು. ಹಾಳಾದ್ದು, ಸಿಟ್ಟಿನ ಮಧ್ಯೆ ನಗಿಸುವ ಗಂಡಸರೆಂದರೆ ನನಗೆ ಆಗಿಬರುವುದಿಲ್ಲ. ಫ್ರಿಜ್ ಕಡೆ ತಿರುಗಿಕೊಂಡು ನುಂಗಿಕೊಂಡೆ.

ಅಂದಿನಿಂದ ಅವನು ನನಗೆ ಗುರುಗಳು. ಕೋಟಿನ ಜೇಬಿನಲ್ಲಿ ಅಂಗೈ ಅಗಲದ ಪ್ರಾರ್ಥನೆ ಪುಸ್ತಕ ಇಟ್ಟುಕೊಂಡು ಓಡಾಡುವವನಿಗೆ ಇನ್ನೇನೆಂದು ಕರೆಯಲಿ? ನಾನು ಅವನಿಗೆ ಕಡ್ಡಿಪೆಟ್ಟಿಗೆ. ಗೀರಿದರೆ ಸಾಕು ಹತ್ತಿಕೊಳ್ಳುತ್ತೇನಂತೆ. ಎದುರಿಗೆ ಕೊನೆಯ ದಿನದವರೆಗೂ 'ನೀವು' ಎಂದೇ ಕರೆದೆ. ಮನಸ್ಸಿನಲ್ಲಿ ಯಾವತ್ತೋ 'ನೀನು' ಆಗಿಬಿಟ್ಟಿದ್ದ.

ಇಂಥದೇ ಚೀಟಿ ತಂದ ಗಿರಾಕಿಯೊಬ್ಬ ಒಂದು ದಿನ, ಇವನು "ನಾನು ಕೊಡಲ್ಲ ಸಾರ್," ಅಂದದ್ದಕ್ಕೆ ಇವನ ಕಾಲರ್ ಹಿಡಿದ. ಬಿಡಿಸಿ ಕಳಿಸಿದ ಮೇಲೆ ನೋಡಿದರೆ ಅವನು ಕಿತ್ತುಹೋದ ಗುಂಡಿಯನ್ನು ನೆಲದಲ್ಲಿ ಹುಡುಕುತ್ತಿದ್ದ.

"ಇನ್ಮೇಲೆ ನೀವು ಬಾಯೇ ಬಿಡಬೇಡಿ ಗುರುಗಳೇ," ಅಂದೆ. "ಅಂಥ ಚೀಟಿ ಬಂದ್ರೆ ಮಾತ್ರೆ ಎಣಿಸೋ ತಟ್ಟೆ ಕೆಳಗೆ ಬೋರಲು ಹಾಕಿ. ನಾನು ತಗೋತೀನಿ. ನಿಮಗೆ ಇಲ್ಲ ಅನ್ನೋ ಕಷ್ಟ ಬೇಡ."

ಆ ಉಪಾಯ ನನ್ನದು. ನೆನಪಿಟ್ಟುಕೊಳ್ಳಿ, ನನ್ನದು.

ನಮ್ಮ ಪ್ರೀತಿ ಬೆಳೆದದ್ದು ಆ ತಟ್ಟೆಯ ಕೆಳಗೇ. ಅವನು ಚೀಟಿ ಸರಿಸುತ್ತಿದ್ದ, ನಾನು ಎಳೆದುಕೊಳ್ಳುತ್ತಿದ್ದೆ. ಬೆರಳಿಗೆ ಬೆರಳು ತಾಗಿತು ಅನ್ನುವಷ್ಟರಲ್ಲಿ ಅವನು ಕೈ ಹಿಂದೆಗೆದುಕೊಂಡು ಕೆಮ್ಮಿನ ಔಷಧಿಯ ಬಾಟಲಿಗಳನ್ನು ಸುಮ್ಮನೆ ನೆಟ್ಟಗೆ ಮಾಡುತ್ತಿದ್ದ. ಮೊದಲೇ ನೆಟ್ಟಗಿದ್ದ ಬಾಟಲಿಗಳು. ನಾನು ಓರೆಗಣ್ಣಿನಲ್ಲಿ ನೋಡಿ ಒಳಗೊಳಗೇ ಸಾಯುತ್ತಿದ್ದೆ. ಆ ಚೀಟಿ ಕೊಟ್ಟವಳು ಆಚೆ ನಿಂತು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು ಎನ್ನುವುದು ಆಗ ನನ್ನ ತಲೆಗೇ ಹೋಗಲಿಲ್ಲ. ಚೀಟಿ ಬೋರಲಾಯಿತೆಂದರೆ ಅದು ಯಾವ ಚೀಟಿ ಅಂತ ವರ್ಷ ತುಂಬುವುದರೊಳಗೆ ಬೀದಿಗೆಲ್ಲ ಗೊತ್ತಾಗಿತ್ತು.

ನಮ್ಮ ಗುಟ್ಟು ಮೊದಲು ಹಿಡಿದವಳು ಟೈಲರಕ್ಕ. ರಸ್ತೆಯಾಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳ ಅಂಗಡಿ. ನಮ್ಮ ಬಿಳಿ ಕೋಟುಗಳನ್ನು ಹೊಲಿಯುತ್ತಿದ್ದವಳು ಅವಳೇ. ಅವನ ಕೋಟಿಗೆ ಅಳತೆ ಕೊಡಲು ಹೋದ ದಿನ ಟೇಪನ್ನು ನನ್ನ ಕೈಗೆ ಕೊಟ್ಟು, "ಎದೆ ಅಳತೆ ನೀನೇ ತಗೋಳೆ, ನನಗೆ ಕೈ ತುಂಬ ಕೆಲಸ," ಅಂದಳು. ಎರಡೂ ಕೈ ಖಾಲಿ ಇಟ್ಟುಕೊಂಡು! ಅವನು ಉಸಿರು ಬಿಗಿಹಿಡಿದು ನಿಂತ. "ಉಸಿರು ಬಿಡೋ ಮಾರಾಯ, ಕೋಟು ಬಿಗಿಯಾಗುತ್ತೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುವೆಯಾಗಿ ಎಂಟು ವರ್ಷಕ್ಕೆ ಅವಳ ಹೊಟ್ಟೆಯಲ್ಲಿ ಆಗಷ್ಟೇ ಒಂದು ಕೂಸು ನಿಂತಿತ್ತು. ಅದನ್ನು ಅವಳು ಹೇಳಿದ್ದು ನನ್ನೊಬ್ಬಳಿಗೇ.

ಅದಾದ ಕೆಲವು ವಾರಕ್ಕೆ, ಒಂದು ಬುಧವಾರ, ಅವನ ತಾಯಿ ನನ್ನನ್ನು ಊಟಕ್ಕೆ ಕರೆದಿದ್ದರು. "ಅಮ್ಮ ಬೆಳಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಾರೆ. ನಿಧಾನವಾಗಿ ಬನ್ನಿ, ಅಂಗಡಿ ನಾನು ನೋಡ್ಕೋತೀನಿ," ಎಂದು ಅವನೇ ಕಳಿಸಿದ. ಆ ತಾಯಿ ನನ್ನನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಬಡಿಸಿದರು. ಹೊರಡುವಾಗ ತಮ್ಮ ಹಳೆಯ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿ, "ಇನ್ಮೇಲೆ ಅವನ ಹೊತ್ತುಗೊತ್ತು ನಿಂದೇ ಮಗಳೇ," ಅಂದರು. ಕಾಲು ನೆಲಕ್ಕೆ ತಾಗದೆ ಅಂಗಡಿಗೆ ಬಂದೆ. ಬಾಗಿಲಲ್ಲೇ ಅವನು ಎದುರಾದ. ಗೋಡೌನ್‌ಗೆ ಹೊರಟಿದ್ದವನು ನನ್ನ ಕೈಯ ಗಡಿಯಾರ ನೋಡಿ ನಿಂತ. ಏನೋ ಹೇಳಬೇಕೆಂದಿದ್ದವನು ಅದನ್ನು ಮರೆತು, ಬಾಯಿ ತುಂಬ ನಕ್ಕು ಹೊರಟುಹೋದ.

ನಾಲ್ಕೂ ಹತ್ತಕ್ಕೆ ತಟ್ಟೆ ಎತ್ತಿದೆ. ಕೆಳಗೆ ಒಂದು ಚೀಟಿ ಬೋರಲಾಗಿತ್ತು. ತಿರುಗಿಸಿದರೆ ಟೈಲರಕ್ಕನ ಹೆಸರು. ಅದೇ ಮಾತ್ರೆ.

ಎಂಟು ವರ್ಷ ಕಾದವಳು ಇದನ್ನು ಯಾಕೆ ಕೇಳುತ್ತಾಳೆ? ಹೊಟ್ಟೆಯೊಳಗೇ ಕೂಸು ಸತ್ತರೂ ಡಾಕ್ಟರು ಬರೆಯುವುದು ಇದೇ ಮಾತ್ರೆ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಓಡಿಹೋಗಿ ಕೇಳಬೇಕೆಂದು ಒಂದು ಕಾಲು ಹೊರಗಿಟ್ಟೆ. ಅಷ್ಟರಲ್ಲಿ ಫೋನು. ಗೋಡೌನ್‌ನಿಂದ ಅವನು.

"ಅಮ್ಮಂಗೆ ನೀವು ಹಿಡಿಸಿದ್ರಂತೆ."

"ಮಗನಿಗೆ?"

"ಮಗನ್ನ ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೀನಲ್ಲ."

ಇಂಥ ಮಾತು ಇಪ್ಪತ್ತು ನಿಮಿಷ ನಡೆಯಿತು. ಮುಗಿಸಿ ನೋಡಿದರೆ ಎದುರಿನ ಅಂಗಡಿಯ ಶಟರ್ ಕೆಳಗಿತ್ತು. ಬೇಕಿದ್ದರೆ ಅವಳೇ ಬರುತ್ತಾಳೆ, ನಾಳೆ ಕೇಳಿದರಾಯಿತು ಅಂದುಕೊಂಡೆ. ಚೀಟಿಯನ್ನು ಇದ್ದಂತೆಯೇ ತಟ್ಟೆಯ ಕೆಳಗೆ ಬೋರಲು ಹಾಕಿದೆ. ಮಾರನೆಯ ದಿನ ನಮ್ಮ ಅಂಗಡಿಗೆ ವಾರದ ರಜೆ.

ಶುಕ್ರವಾರ ಬೆಳಗ್ಗೆ ಟೈಲರಕ್ಕನನ್ನು ಆಸ್ಪತ್ರೆಗೆ ಹೊತ್ತು ತಂದರು. ಮೈಯೆಲ್ಲ ಜ್ವರ, ನಿಲ್ಲದ ರಕ್ತ. ನಂಜು ಏರಿತ್ತು. ಜೀವ ಉಳಿಸಲು ಗರ್ಭಕೋಶವನ್ನೇ ತೆಗೆದರು. ಇನ್ನು ಅವಳಿಗೆ ಮಗುವಿಲ್ಲ.

ಅವನು ಅಂದೇ ಯಜಮಾನರ ಮುಂದೆ ನಿಂತ. "ಚೀಟಿ ಬೋರಲು ಹಾಕಿದ್ದು ನಾನು. ಇವರಿಗೆ ಹೇಳೋದು ಮರೆತೆ. ಇವರು ನೋಡೇ ಇಲ್ಲ." ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಐದು ದಿನ ತೆರೆಯಲಿಲ್ಲ. ಬೀದಿಯವರು ಅವನ ಮುಖಕ್ಕೆ ಉಗಿಯುವುದೊಂದು ಬಾಕಿ. ನಾನು ತಟ್ಟೆ ಒರೆಸುತ್ತ ನಿಂತಿರುತ್ತಿದ್ದೆ.

ಆರನೆಯ ದಿನ ಇಬ್ಬರೂ ವಾರ್ಡಿಗೆ ಹೋದೆವು. ಟೈಲರಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಕಾಲ ಬಳಿ ನಿಂತ.

"ತಪ್ಪೆಲ್ಲ ನಂದೇ ಅಕ್ಕ. ಇವರಿಗೆ ಏನೂ ಗೊತ್ತಿರ್ಲಿಲ್ಲ."

"ಗೊತ್ತಿತ್ತು," ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. "ನಾಲ್ಕೂ ಹತ್ತಕ್ಕೆ ಚೀಟಿ ನೋಡ್ದೆ ಅಕ್ಕ. ನಿನ್ನ ಹೆಸರೂ ನೋಡ್ದೆ. ಬರೋಣ ಅಂತಿದ್ದೆ. ಇವರ ಫೋನ್ ಬಂತು."

ಅವನು ನನ್ನತ್ತ ತಿರುಗಿದ. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ.

ಟೈಲರಕ್ಕ ಗೋಡೆಗೇ ಹೇಳುವಂತೆ ಹೇಳಿದಳು. "ಅವತ್ತು ಬೆಳಗ್ಗೆ ಸ್ಕ್ಯಾನ್‌ನಲ್ಲಿ ಗೊತ್ತಾಯ್ತು, ಕೂಸು ಹೋಗಿ ನಾಲ್ಕು ದಿನ ಆಗಿದೆ ಅಂತ. ಇವತ್ತೇ ಮಾತ್ರೆ ತಗೋ ಅಂದ್ರು ಡಾಕ್ಟ್ರು. ನೀನು ಚೀಟಿ ಬೋರಲು ಹಾಕಿ, ಮೇಡಂ ಬಂದು ಕೊಡ್ತಾರೆ ಅಂದೆ ಕಣಪ್ಪ. ನನ್ನ ಹಿಂದೆ ಮೂರು ಜನ ನಿಂತಿದ್ರು. ನಾನೇ ಕೂಸನ್ನ ಬೇಡ ಅಂದೆ ಅನ್ನೋ ಹಾಗೆ ಅವರೂ ನೋಡಿದ್ರು, ನೀನೂ ನೋಡ್ದೆ. ಇನ್ನೊಂದು ಅಂಗಡಿಗೆ ಹೋಗಿ ಕೈ ಚಾಚೋಕೆ ಆಗ್ಲಿಲ್ಲ ನನಗೆ. ಏನಾಯ್ತಕ್ಕ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

ಅವನು ಮಂಚದ ಕಂಬಿ ಹಿಡಿದುಕೊಂಡ.

"ನೀವಿಬ್ಬರೂ ಒಬ್ಬರನ್ನೊಬ್ಬರು ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ," ಅಂದಳು. "ನನ್ನನ್ನ ಯಾರೂ ನೋಡ್ಲಿಲ್ಲ."

ಹೊರಗೆ ಕಾರಿಡಾರ್‌ನಲ್ಲಿ ಫಿನಾಯಿಲ್ ವಾಸನೆ. ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ಅವನೇ ಹತ್ತಿರ ಸರಿದ.

"ಹೋಗ್ಲಿ ಬಿಡಿ. ಯಜಮಾನರಿಗೆ ನೀವು ಇದನ್ನೆಲ್ಲ ಹೇಳೋಕೆ ಹೋಗಬೇಡಿ. ಹೇಗೂ ನನ್ನ ಹೆಸರು ಕೆಟ್ಟಿದೆ, ನಾನೇ ಹೊತ್ಕೋತೀನಿ. ಎಲ್ಲಾ ತಣ್ಣಗಾದ ಮೇಲೆ ಮದುವೆ ಮಾಡ್ಕೊಳ್ಳೋಣ. ನೀವಿಲ್ಲದೆ ನನಗೆ ಆಗಲ್ಲ. ನಿಜವಾಗ್ಲೂ ಆಗಲ್ಲ."

ಎರಡು ವರ್ಷ ಈ ಮಾತಿಗಾಗಿ ಕಾದಿದ್ದೆ. ಅವನ ಹೆಗಲಿಗೆ ತಲೆಯಿಟ್ಟು ಹೂಂ ಅಂದುಬಿಡಬೇಕೆಂದು ಜೀವ ಹೊಡೆದುಕೊಂಡಿತು. ಅಷ್ಟು ಆಸೆ ನನಗೆ.

"ಈಗ ನನ್ನ ಚೀಟೀನೂ ಬೋರಲು ಹಾಕ್ತಿದ್ದೀರಾ ಗುರುಗಳೇ?"

ಅವನು ತಲೆ ತಗ್ಗಿಸಿದ.

"ನಾಳೆ ಅಂಥ ಚೀಟಿ ಬಂದ್ರೆ ಕೊಡ್ತೀರಾ?"

ಸ್ಟ್ರೆಚರ್ ಒಂದು ಕೀರಲುಗುಟ್ಟುತ್ತ ನಮ್ಮ ಮುಂದೆ ಹಾದುಹೋಯಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ಅವನು ಹೇಳಿದ. "ಏನಾಯ್ತು ಅಂತ ಕೇಳ್ತೀನಿ. ಜೀವ ಹೋದ ಕೂಸಾದ್ರೆ ಕೊಡ್ತೀನಿ. ಜೀವ ಇರೋದಾದ್ರೆ... ಆಗಲ್ಲ. ನಿಮ್ಮ ಹತ್ರ ಸುಳ್ಳು ಹೇಳಲಾರೆ."

ಆ ಒಂದು ಸುಳ್ಳು ಹೇಳಿದ್ದರೆ ನಾನು ಅವತ್ತೇ ಅವನನ್ನು ಕಟ್ಟಿಕೊಳ್ಳುತ್ತಿದ್ದೆನೋ ಏನೋ. ಹೇಳದೇ ಇದ್ದದ್ದಕ್ಕೆ ಇನ್ನೂ ಹೆಚ್ಚು ಪ್ರೀತಿ ಬಂತು. ಆದರೆ ಅವನ ಪಕ್ಕದಲ್ಲಿ ಇದ್ದರೆ ನಾನು ಮತ್ತೆ ತಟ್ಟೆ ಎತ್ತುವವಳೇ. ಅವನಿಗೆ ನೋವಾಗಬಾರದೆಂದು ಇನ್ನೊಬ್ಬಳನ್ನು ಕಾಯಿಸುವವಳೇ. ಅಷ್ಟು ನನ್ನ ಬಗ್ಗೆ ನನಗೆ ಗೊತ್ತಾಗಿತ್ತು.

"ನೀವಂದ್ರೆ ನನಗೆ ಪ್ರಾಣ," ಅಂದೆ. "ಅದಕ್ಕೇ ಬೇಡ."

ಯಜಮಾನರಿಗೆ ನಾನೇ ಎಲ್ಲ ಹೇಳಿದೆ. ಕೆಲಸದಿಂದ ತೆಗೆದರೂ ಸರಿ ಅಂದೆ. ಬೈದರು, ಮೂರು ತಿಂಗಳು ನೋಡೋಣ ಅಂದರು. ಕೌಂಟರ್ ಇಲ್ಲದ, ಎದುರಿಗೆ ಯಾರೂ ಬಂದು ನಿಲ್ಲದ ಒಂದು ಔಷಧಿ ಕಾರ್ಖಾನೆಯಲ್ಲಿ ಅವನು ಕೆಲಸ ಹುಡುಕಿಕೊಂಡ.

ಅವನ ಕೊನೆಯ ದಿನ ಸಂಜೆ ಒಬ್ಬ ಹುಡುಗಿ ಬಂದಳು. ಕಣ್ಣು ಊದಿಕೊಂಡಿತ್ತು. ಅವನು ಚೀಟಿ ಓದಿದ. ಅವನ ಕೈ ತಟ್ಟೆಯ ಕಡೆ ಹೋಗುತ್ತದೇನೋ ಎಂದು ನೋಡುತ್ತ ನಿಂತೆ. ಹೋಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು ಸ್ಟೂಲ್ ಹಾಕಿ ಕೂರಿಸಿ, "ಏನಾಯ್ತಮ್ಮ?" ಅಂದ. ಅವಳು ಹೇಳಿದಳು. ಅವನು ಪೂರ್ತಿ ಕೇಳಿದ. ಆಮೇಲೆ ಚೀಟಿಯನ್ನು ಅಕ್ಷರ ಮೇಲಾಗಿ ಹಿಡಿದು ಎಲ್ಲರೆದುರು ನನ್ನ ಕೈಗೆ ತಂದುಕೊಟ್ಟ.

"ನನ್ನಿಂದ ಆಗಲ್ಲ. ಇವರನ್ನ ಕಾಯಿಸಬೇಡಿ, ಈಗಲೇ ಕೊಡಿ."

ನಾನು ಮಾತ್ರೆ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿ, ಆ ಹುಡುಗಿ ರಸ್ತೆ ದಾಟುವವರೆಗೂ ಅವನು ಅಲ್ಲೇ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಆಮೇಲೆ ಕೋಟು ಬಿಚ್ಚಿ ಮಡಿಸಿಟ್ಟ. ಜೇಬಿನಿಂದ ಪ್ರಾರ್ಥನೆ ಪುಸ್ತಕ ತೆಗೆದುಕೊಂಡ. ನಾನು ಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟೆ.

"ಅಮ್ಮಂಗೆ ಏನಂತ ಹೇಳ್ಲಿ ಕಡ್ಡಿಪೆಟ್ಟಿಗೆ?"

"ನನ್ನ ತಪ್ಪೂ ಸೇರಿಸಿ ಹೇಳು."

ಮೊದಲ ಸಲ ಏಕವಚನ ಬಾಯಿಗೆ ಬಂದಿತ್ತು. ಅವನಿಗೂ ಗೊತ್ತಾಯಿತು. ಕಣ್ಣು ತುಂಬಿಕೊಂಡು, ಇನ್ನೂ ಏನಾದರೂ ಹೇಳುತ್ತೇನೆಂದು ಕಾದ.

"ಹೋಗಿ ಬಾ," ಅಂದೆ.

ಅವನು ಹೋದ. ಎದುರಿನ ಶಟರ್ ಇನ್ನೂ ಮುಚ್ಚಿಯೇ ಇತ್ತು. ಕೌಂಟರ್ ಮುಂದೆ ಮುದುಕರೊಬ್ಬರು ಚೀಟಿ ಹಿಡಿದು ನಿಂತಿದ್ದರು. ಕಣ್ಣೊರೆಸಿಕೊಂಡು, "ಏನಾಗಿದೆ ಅಜ್ಜ?" ಅಂದೆ.