ಹಣೆಪಟ್ಟಿ ಕಟ್ಟದ ಹುಡುಗಿ

ಒಂದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ. ಆಮೇಲೆ ನಿಮ್ಮ ಮಕ್ಕಳನ್ನು ಯಾವ ಕೋಚಿಂಗಿಗೆ ಬೇಕಾದರೂ ಸೇರಿಸಿ.

೨೦೫೮ರ ಜೂನ್. ಧಾರವಾಡದ ಒಂದು ಕೋಚಿಂಗ್ ಕೇಂದ್ರದಲ್ಲಿ ನಾನೂರು ಮಕ್ಕಳು ಹಣೆಗೆ ಬೂದುಬಣ್ಣದ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಎದುರಿನ ಪರದೆಯಲ್ಲಿ ನೂರು ಪ್ರಶ್ನೆ. ಉತ್ತರ ಬರೆಯಬೇಕಿಲ್ಲ, ಓದಿದರೆ ಸಾಕು. ಓದುವಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ಹಿಡಿದು, ಬರುವ ಮೇ ತಿಂಗಳ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಯಾರಿಗೆ ಎಷ್ಟು ಅಂಕ ಅಂತ ಪಟ್ಟಿ ಈಗಲೇ ಹೇಳುತ್ತಿತ್ತು. ಆ ದಾಖಲೆ ಪರೀಕ್ಷೆಯ ಅರ್ಜಿಗೂ ಸೇರುತ್ತಿತ್ತು. ಒಬ್ಬರ ಬದಲು ಇನ್ನೊಬ್ಬರು ಪಟ್ಟಿ ಕಟ್ಟಿಕೊಂಡು ಕೂತರೆ ಇಬ್ಬರ ಸೀಟೂ ರದ್ದು.

ಅದನ್ನು ಕಂಡುಹಿಡಿದವಳು ಡಾ. ಮಹಾನಂದಾ ಹೂಗಾರ. ಯಾವ ಮಗುವಿಗೆ ಹೆಚ್ಚು ಕಲಿಸಬೇಕು ಅನ್ನುವುದು ಮೇಷ್ಟ್ರಿಗೆ ಗೊತ್ತಾಗಲಿ ಅಂತ ಮಾಡಿದ್ದಳು. ಕೇಂದ್ರದ ನಿರ್ದೇಶಕ ಇಟಗಿ ಅದನ್ನು ತಲೆಕೆಳಗು ಮಾಡಿದ್ದ. ಮೇಲಿನ ಅರವತ್ತು ಮಂದಿಗೆ ಎ ಬ್ಯಾಚು, ಒಳ್ಳೆಯ ಮೇಷ್ಟ್ರು. ಉಳಿದವರಿಗೆ ಹಿಂದಿನ ಶೆಡ್ಡಿನಲ್ಲಿ ಹಳೇ ವಿಡಿಯೊ. ಪರೀಕ್ಷೆ ಇನ್ನೂ ಹನ್ನೊಂದು ತಿಂಗಳಿರುವಾಗಲೇ ಆ ಅರವತ್ತು ಮುಖಗಳ ಫ್ಲೆಕ್ಸು ಗೇಟಿಗೆ: 'ನಮ್ಮ ಭಾವಿ ಡಾಕ್ಟರುಗಳು'.

ಮರುವರ್ಷ ಫಲಿತಾಂಶ ಬಂತು. ಪಟ್ಟಿ ಹೇಳಿದ್ದಕ್ಕೂ ಬಂದದ್ದಕ್ಕೂ ನಾಲ್ಕು ಅಂಕದ ಫರಕೂ ಇರಲಿಲ್ಲ.

"ನಿಮ್ಮ ಪಟ್ಟಿ ಹಣೆಬರಾನ ಓದತೈತ್ರಿ ಮೇಡಂ!" ಇಟಗಿ ಕುಣಿದ. "ಸೋಮವಾರ ಹೊಸಾ ಮಕ್ಕಳಿಗೆ ಕಟ್ಟೂದು. ಸಾವಿರ ಮಂದಿ!"

ಮಹಾನಂದಾ ಹಿಗ್ಗಿದಳು. ಆ ಹಿಗ್ಗಿನಲ್ಲೇ ದಾಖಲೆಗಳನ್ನು ತೆರೆದು ನೋಡುತ್ತ ಹೋದವಳು ಒಂದು ಕಡೆ ತಡೆದು, ಮತ್ತೆ ಹಿಂದಕ್ಕೆ ಹೋಗಿ ನೋಡಿದಳು. ಬೆರಳಚ್ಚಿನ ಹಾಗೆ ಮಿದುಳಿನ ಅಲೆಯೂ ಒಬ್ಬರದ್ದು ಇನ್ನೊಬ್ಬರಿಗೆ ಇರುವುದಿಲ್ಲ. ಇಲ್ಲಿ ನೋಡಿದರೆ ಸ್ನೇಹಲ್ ತಳವಾರ ಮತ್ತು ನಿಖಿತಾ ಎಂಬ ಎರಡು ಹೆಸರಿಗೆ ಒಂದೇ ಅಲೆ! ಇಬ್ಬರಿಗೂ ಪಟ್ಟಿ ಹೇಳಿದ್ದು ಏಳುನೂರ ಇಪ್ಪತ್ತಕ್ಕೆ ಐನೂರ ತೊಂಬತ್ತು. ಇಬ್ಬರಿಗೂ ಬಂದದ್ದು ಅದರ ಆಸುಪಾಸೇ.

ಸ್ನೇಹಲ್‌ಳನ್ನು ಕರೆಸಿದಳು.

"ನಾ ಪಟ್ಟಿ ಕಟ್ಟೇ ಇಲ್ರಿ ಮೇಡಂ," ಹುಡುಗಿ ನೆಲ ನೋಡುತ್ತ ಅಂದಳು. "ಅವತ್ತ ಜ್ವರ ಬಂದು ಹಾಸ್ಟೆಲ್‌ನ್ಯಾಗ ಮಲಗಿದ್ದೆ. ನನ್ನ ಹೆಸರಿಗೂ ನನ್ನ ಗೆಳತಿ ನಿಖಿತಾನ ಕುಂತಳ್ರಿ. ನಾ ಕಟ್ಟಿದ್ರ ಮುನ್ನೂರೂ ತೋರಸ್ತಿರಲಿಲ್ಲ. ಫಿಸಿಕ್ಸ್ ಅಂದ್ರ ಒಂದಕ್ಷರ ತಿಳೀತಿರಲಿಲ್ಲ."

"ಮತ್ತ ಇಷ್ಟು ಹೆಂಗ ಬಂತವಾ?"

"ಎ ಬ್ಯಾಚಿನ್ಯಾಗ ಕಲಿಸಿದ್ರಲ್ರಿ."

ಮಹಾನಂದಾಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಪಟ್ಟಿ ಯಾವ ಭವಿಷ್ಯವನ್ನೂ ಓದಿರಲಿಲ್ಲ. ಕಲಿಸಿದ ಮಕ್ಕಳು ಕಲಿತಿದ್ದರು, ಶೆಡ್ಡಿಗೆ ತಳ್ಳಿದ ಮಕ್ಕಳು ಅಲ್ಲೇ ಉಳಿದಿದ್ದರು. ಇದನ್ನೇ ನಿಖರತೆ ಅಂತ ತಾನು ಬೀಗಿದ್ದಳು! ಮುನ್ನೂರ ನಲವತ್ತು ಮಕ್ಕಳು!

ಇಟಗಿಗೆ ಫೋನ್ ಹಚ್ಚಿ ಒದರಿದಳು: "ಪಟ್ಟಿ ಸುಳ್ಳೈತ್ರಿ! ಸೋಮವಾರ ಕಟ್ಟಿದ್ರ ನೋಡ್ರಿ ಮತ್ತ!"

"ಪುರಾವೆ ಐತೇನ್ರಿ?" ಇಟಗಿ ನಕ್ಕ. "ಪಟ್ಟಿ ಇಲ್ಲದಾಗ ಟೆಸ್ಟ್ ಮಾರ್ಕ್ಸ್ ನೋಡಿ ಬ್ಯಾಚ್ ಒಡೀತಿದ್ವಿ. ನಿಮ್ಮ ಅಪ್ಪಾರು ಓದೂ ಕಾಲದಾಗೂ ಹಿಂಗ ಇತ್ತು. ಆಗ ಯಾರೂ ಒದರಲಿಲ್ಲ ಬಿಡ್ರಿ."

ಪುರಾವೆ ಎದುರಿಗೇ ನಿಂತಿತ್ತು, ಕೈ ಮುಗಿದುಕೊಂಡು. "ನನ್ನ ಹೆಸರು ಹೇಳಬ್ಯಾಡ್ರಿ ಮೇಡಂ. ನಮ್ಮ ಮನ್ಯಾಗ ಹತ್ತನೇ ಕ್ಲಾಸ್ ದಾಟಿದಾಕಿ ನಾ ಒಬ್ಬಾಕಿನ."

ಹೆಸರಿಲ್ಲದ ದಾಖಲೆಯನ್ನು ಯಾರೂ ನಂಬುವುದಿಲ್ಲ. ಹೆಸರು ಹೇಳಿದರೆ ಈ ಹುಡುಗಿಯ ಸೀಟು ಹೋಗುತ್ತದೆ, ನಿಖಿತಾಳದ್ದೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಸೋಮವಾರ ಒಂಬೈನೂರ ನಲವತ್ತು ಮಕ್ಕಳು ಶೆಡ್ಡಿಗೆ ನಡೆಯುತ್ತಾರೆ, ತಮಗೆ ತಲೆಯೇ ಇಲ್ಲ ಅಂತ ನಂಬಿಕೊಂಡು.

ಮಹಾನಂದಾಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?