ಹೊಸ್ತಿಲಲ್ಲಿ ಬಿಚ್ಚಿಟ್ಟ ಶೂ

ಸೋಮವಾರ ಬೆಳಿಗ್ಗೆ ಐರ್ಲೆಂಡಿನ ಮೇನೂತ್ ಊರಿನ ಪೊಲೀಸ್ ಠಾಣೆಗೆ ದೂರು ಬಂತು. ಕೊಟ್ಟವಳು ಮೈಸೂರಿನ ಸಂಶೋಧಕಿ ವಸುಂಧರಾ. ಬರೆದುಕೊಂಡವಳು ಹುಬ್ಬಳ್ಳಿ ಮೂಲದ ಸಾರ್ಜೆಂಟ್ ಸುಮೈರಾ. ವಸುಂಧರೆಯ ಮನೆಯಿಂದ ಕಳುವಾದದ್ದು ಫ್ರೆಂಚ್ ಚಿತ್ರಕಾರ ಎಮಿಲ್ ವೊಕ್ಲೇರ್ ಮುಪ್ಪಿನಲ್ಲಿ ಬರೆದುಕೊಂಡ ತನ್ನದೇ ಭಾವಚಿತ್ರ.

ವೊಕ್ಲೇರ್ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಕಲಿತು ಪದಕಗಳನ್ನು ಬಾಚಿಕೊಂಡವನು, ಸರ್ಕಾರಕ್ಕೆ ಗೋಡೆಯಗಲದ ಪುರಾಣಚಿತ್ರ ಬರೆದುಕೊಟ್ಟವನು. ಜನರ ರುಚಿ ಬದಲಾದ ಮೇಲೆ ಅವನನ್ನು ಕೇಳುವವರೇ ಇಲ್ಲದಾಯಿತು. ಕೊನೆಗೆ ಐರ್ಲೆಂಡಿನ ದೊಡ್ಡ ಮನೆಯೊಂದರಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತ ತೀರಿಕೊಂಡ. ಆ ಕೊನೆಗಾಲಕ್ಕಿದ್ದ ಸಾಕ್ಷಿ ಈ ಭಾವಚಿತ್ರವೊಂದೇ. ಶುಕ್ರವಾರ ನಡೆಯಲಿದ್ದ ವೊಕ್ಲೇರ್ ಚಿತ್ರಗಳ ಪ್ರದರ್ಶನಕ್ಕೆ ಅದಿಲ್ಲದಿದ್ದರೆ ಅವನ ಬಗ್ಗೆ ವಸುಂಧರೆ ನಡೆಸಿದ ನಾಲ್ಕು ವರ್ಷದ ದುಡಿಮೆ ನೀರುಪಾಲು.

"ಚಿತ್ರ ಮಾರೋ ಡಬ್ಲಿನ್ ಡೀಲರ್ ಒಬ್ಬ ಇದರ ಬೆನ್ನು ಬಿದ್ದಿದ್ದ ಮೇಡಂ. ಅವನದೇ ಕೆಲಸ," ಎಂದಳು ವಸುಂಧರಾ.

ಸ್ಥಳ ಮಹಜರು ನಡೆಯಿತು. ಅಡುಗೆಮನೆ ಬಾಗಿಲಿನ ಗಾಜು ಒಡೆದಿತ್ತು. ಕೆಸರಿನ ಶೂ ಗುರುತು ಹೊಸ್ತಿಲವರೆಗೆ ಬಂದು ನಿಂತಿತ್ತು. ಒಳಗೆ ಗಾಜಿನ ಚೂರುಗಳ ನಡುವೆ ಕಾಲ್ಚೀಲದ ಅಚ್ಚು, ರಕ್ತದ ಕಲೆ. ಜೊತೆಗಿದ್ದ ಐರಿಶ್ ಪೇದೆ ಡೆಕ್ಲನ್ ತಲೆ ಕೆರೆದುಕೊಂಡ. ಸುಮೈರಾಗೆ ನಗು ತಡೆಯಲಾಗಲಿಲ್ಲ. ಅಯ್ಯೋ ಪುಣ್ಯಾತ್ಮ, ಕದಿಯಲು ಬಂದವನೂ ಶೂ ಬಿಚ್ಚಿಟ್ಟು ಒಳಗೆ ಬಂದಿದ್ದಾನೆ! ಇವನು ನಮ್ಮವನೇ.

"ನಿಮ್ಮನೆಗೆ ಬಂದು ಹೋಗೋ ನಮ್ಮ ಜನ ಯಾರು?"

"ಅಭಿನಂದನ್ ಒಬ್ಬನೇ, ಪಕ್ಕದ ಊರು ಲೀಕ್ಸ್‌ಲಿಪ್‌ನಲ್ಲಿ ಇಂಜಿನಿಯರ್. ಸ್ವಂತ ತಮ್ಮನ ಹಾಗೆ ಮೇಡಂ. ಅವನ ಸುದ್ದಿಗೆ ಹೋಗ್ಬೇಡಿ."

ಮಧ್ಯಾಹ್ನ ಅಭಿನಂದನ್ ಕುಂಟುತ್ತ ಬಂದು ಬಾಗಿಲು ತೆರೆದ.

"ಕಾಲಿಗೆ ಏನಾಯ್ತು?"

"ಏನಿಲ್ಲ ಮೇಡಂ, ಗ್ರ್ಯಾಂಡ್, ಆರಾಮಾಗಿದ್ದೀನಿ."

"ಕಾಲ್ಚೀಲ ತೆಗೀರಿ."

ಅಂಗಾಲಿನಲ್ಲಿ ಗಾಜು ಕೊಯ್ದ ಗಾಯ ಇತ್ತು. ಬೀರುವಿನಲ್ಲಿ ಮೆತ್ತನೆಯ ಹೊದಿಕೆ ಸುತ್ತಿಕೊಂಡು ವೊಕ್ಲೇರ್ ಮಲಗಿದ್ದ, ಒಂದು ಗೀರೂ ಇಲ್ಲದೆ.

"ಮಾರೋಕಾ?"

"ಛೇ! ಹರಾಜಿನ ಹಳೇ ಸಾಮಾನಲ್ಲಿ ಇದನ್ನ ಹುಡುಕಿ ಅಕ್ಕನ ಕೈಗೆ ಕೊಟ್ಟಿದ್ದೇ ನಾನು. ವೊಕ್ಲೇರ್ ಮೊದಲು ಬರಿಮೈ ಬರೆದು ಆಮೇಲೆ ಬಟ್ಟೆ ತೊಡಿಸ್ತಿದ್ದ, ಅಕಾಡೆಮಿ ಪದ್ಧತಿ. ಸ್ಕ್ಯಾನ್ ಮಾಡಿಸಿ, ಬಟ್ಟೆಯ ಬಣ್ಣದ ಕೆಳಗೆ ಆ ಬರಿಮೈ ಇದೆ, ಇದು ಅವನದೇ ಅಂತ ತೋರಿಸಿದ್ದೂ ನಾನೇ. ಅಕ್ಕನ ಪುಸ್ತಕ ಬಂತು, ನನ್ನ ಹೆಸರು ಎಲ್ಲೂ ಇಲ್ಲ. ಕೇಳಿದ್ರೆ, 'ನೀನು ಮನೆಯವನು ಕಣೋ, ನಿನಗ್ಯಾಕೆ ಥ್ಯಾಂಕ್ಸು' ಅಂದ್ರು."

ಅವನು ನೋಯುವ ಕಾಲಿಗೆ ಶೂ ತೊಡುವವರೆಗೆ ಸುಮೈರಾ ಕಾದಳು. ಆಮೇಲೆ ಬಂಧಿಸಿದಳು.

ಸಂಜೆ ಠಾಣೆಯಲ್ಲಿ ವಸುಂಧರಾ ಬಿಕ್ಕಿಬಿಕ್ಕಿ ಅತ್ತಳು. "ಮನೆಯವನು ಅಂತ ನಂಬಿದ್ದೆ ಮೇಡಂ. ಹೀಗಾ ಮೋಸ ಮಾಡೋದು?"

"ಅವನೂ ಇದನ್ನೇ ಕೇಳ್ತಿದ್ದ," ಎಂದಳು ಸುಮೈರಾ. "ಚಿತ್ರ ವಾಪಸ್ ಬೇಕಂದ್ರೆ ಹೇಳಿಕೆ ಕೊಡಿ. ಇದನ್ನ ಹುಡುಕಿದ್ದು ಯಾರು?"

ವಸುಂಧರೆಯ ಅಳು ನಿಂತಿತು.

"ಅಭಿನಂದನ್," ಎಂದಳು.

ಸುಮೈರಾ ಬರೆದುಕೊಂಡಳು. ವೊಕ್ಲೇರ್ ಹೆಸರಿನ ಪಕ್ಕದಲ್ಲಿ ಅಭಿನಂದನ್ ಹೆಸರು ಬಂದದ್ದು ಅದೇ ಮೊದಲು.