ಮೇಷ್ಟ್ರ ಕರಿ ಪೆನ್ನು

"ಪೆನ್ನು ಪೆಟ್ಟಿಗೇಲೇ ಇದೆ ಸ್ವಾಮಿ. ಆದ್ರೆ ಅದು ನಮ್ಮ ಯಜಮಾನ್ರ ಪೆನ್ನಲ್ಲ."

ಸೊರಬದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಜ್ಯೋತಿಲಕ್ಷ್ಮಿ ಹೀಗೆಂದಾಗ ಮಂಜಪ್ಪನಿಗೆ ನಗು ಬಂತು. ಅವನು ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವನು. ಪ್ರಯಾಣಿಕರು ಅವನಿಂದ ಇಸಿದುಕೊಂಡು ಹಿಂತಿರುಗಿಸದ ಪೆನ್ನುಗಳನ್ನು ಕೂಡಿಹಾಕಿದ್ದರೆ ಶಿಕಾರಿಪುರದಲ್ಲಿ ಒಂದು ಅಂಗಡಿ ತೆರೆಯಬಹುದಿತ್ತು. ಒಂದು ಪೆನ್ನಿಗೋಸ್ಕರ ಯಾರಾದರೂ ಊರು ಬಿಟ್ಟು ಊರಿಗೆ ಬರುತ್ತಾರೆಯೇ? ಆದರೆ ಆಕೆ ಆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ ರೀತಿ ನೋಡಿ ಅವನು ನಗುವನ್ನು ನುಂಗಿಕೊಂಡ.

ಅವನ ಗೆಳೆಯ ಶಿವಮೂರ್ತಪ್ಪ ತಾಲ್ಲೂಕು ಕಚೇರಿಯ ಎದುರಿನ ತಗಡಿನ ಮಾಡಿನ ಕೆಳಗೆ ಕೂತು ಪತ್ರ ಬರೆಯುವವನು. ಕಂಪ್ಯೂಟರ್ ಬಂದ ಮೇಲೆ ಬರೆಯುವ ಕೆಲಸ ಇಳಿದು, ಊರವರ ಬಗೆಹರಿಯದ ತಂಟೆಗಳಿಗೆ ತಲೆ ಕೊಡುವ ಕೆಲಸ ಏರಿತ್ತು. ಮಂಜಪ್ಪ ದಿನವೂ ಪಕ್ಕದ ಸ್ಟೂಲಿನಲ್ಲಿ ಕೂತು ತನ್ನ ಊಹೆ ಹೇಳುತ್ತಿದ್ದ. ಒಂದು ಸಲವೂ ಅದು ಸರಿಯಾದದ್ದಿಲ್ಲ, ಅವನು ಬಿಟ್ಟದ್ದೂ ಇಲ್ಲ.

ಜ್ಯೋತಿಲಕ್ಷ್ಮಿಯ ಗಂಡ ಶಿವಶಂಕರ ಹೈಸ್ಕೂಲು ಮೇಷ್ಟ್ರು, ತೀರಿಕೊಂಡು ಎರಡು ವರ್ಷ. ವಿದ್ಯಾರ್ಥಿಯಾಗಿದ್ದಾಗಿನಿಂದ ಕೊನೆಯವರೆಗೂ ಬರೆದದ್ದು ಒಂದೇ ಕರಿ ಇಂಕ್ ಪೆನ್ನಿನಲ್ಲಿ. ಪೆನ್ನನ್ನು ವಿಪರೀತ ವಾಲಿಸಿ ಹಿಡಿಯುತ್ತಿದ್ದುದರಿಂದ ನಿಬ್ಬು ಒಂದೇ ಮಗ್ಗುಲಿಗೆ ಸವೆದಿತ್ತು. ಬರೆದಾದ ಮೇಲೆ ನಿಬ್ಬನ್ನು ತಲೆಗೂದಲಿಗೆ ಒರೆಸಿಕೊಳ್ಳುವ ಚಾಳಿ ಬೇರೆ. ದಿಂಬಿನ ಮೇಲೆಲ್ಲ ಮಸಿ ಎಂದು ಆಕೆ ಬೈಯುತ್ತಲೇ ಸಂಸಾರ ಮಾಡಿದ್ದರು.

"ಬೇರೆಯವರು ಹಿಡಿದ್ರೆ ಅಕ್ಷರ ತುಂಡು ತುಂಡಾಗ್ತಿತ್ತು. ಅವರ ಹಾಗೇ ವಾಲಿಸಿ ಹಿಡಿದ್ರೆ ಮಾತ್ರ ಬರೀತಿತ್ತು. ದಿನಾ ಬೆಳಿಗ್ಗೆ ಒಂದು ಸಾಲು ಬರೀತಿದ್ದೆ. ಅವರೇ ನನ್ನ ಕೈ ಹಿಡಿದು ಬರೆಸಿದ ಹಾಗೆ ಅನ್ನಿಸ್ತಿತ್ತು. ಅದಿಲ್ದೆ ನನಗೆ ಬೆಳಗೇ ಆಗಲ್ಲ ಸ್ವಾಮಿ."

ಹಳೆಯದು ಇನ್ನಷ್ಟು ಸವೆಯದಿರಲಿ ಎಂದು ಮಗಳು ಚೈತ್ರಶ್ರೀ ಅದೇ ಆಕಾರದ ಹೊಸ ಪೆನ್ನು ತಂದುಕೊಟ್ಟಿದ್ದಳು. ಹೋದ ಸೋಮವಾರ ಮೇಷ್ಟ್ರ ಪುಣ್ಯತಿಥಿ. ಊಟವಾದ ಮೇಲೆ ಬಂದವರು ಹೊಸದು ಹೇಗೆ, ಹಳೆಯದು ಹೇಗೆ ಎಂದು ಒಂದೇ ಹಾಳೆಯ ಮೇಲೆ ಎರಡರಲ್ಲೂ ಬರೆದು ನೋಡಿದ್ದರು. ಮರುದಿನ ಬೆಳಿಗ್ಗೆ ಆಕೆ ಬರೆಯಲು ಕೂತಾಗ ಪೆಟ್ಟಿಗೆಯಲ್ಲಿದ್ದ ಹಳೇ ಪೆನ್ನು ವಾಲಿಸದೆಯೇ ಸಲೀಸಾಗಿ ಬರೆದುಬಿಟ್ಟಿತು.

ಅಂದು ಮನೆಗೆ ಬಂದಿದ್ದವರು ಮೂವರು. ಮೇಷ್ಟ್ರ ಸಹೋದ್ಯೋಗಿ ಮಹಾಂತೇಶ, ಹಳೇ ಪೆನ್ನು ಕೂಡಿಡುವ ಹುಚ್ಚಿನವನು. ಆಕೆಯ ಅಣ್ಣನ ಮಗ ಚನ್ನೇಶ, ಇಂಥವಕ್ಕೆ ಆನ್‌ಲೈನಿನಲ್ಲಿ ಒಳ್ಳೇ ಬೆಲೆಯಿದೆ ಎಂದವನು. ಮೂರನೆಯವನು ಮೇಷ್ಟ್ರ ಅಣ್ಣ ಕೆಂಪಪ್ಪ, ಕುಬಟೂರಿನ ರೈತ. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಕೊನೆಯ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಕೆಂಪಪ್ಪ ಈ ಸಲವೇ ಮೊದಲು ಬಂದದ್ದು. ನನ್ನ ಕೈಗೆ ಪೆನ್ನು ನಿಲ್ಲುವುದಿಲ್ಲ ಎಂದು ಅವನೊಬ್ಬ ಬರೆದಿರಲಿಲ್ಲ. ಪೆಟ್ಟಿಗೆಯಿದ್ದ ಪಡಸಾಲೆಯಲ್ಲಿ ಮೂವರೂ ಒಂದಲ್ಲ ಒಂದು ಹೊತ್ತು ಒಬ್ಬರೇ ಇದ್ದರು.

"ಮೇಷ್ಟ್ರು ಆ ಪೆನ್ನು ಎಲ್ಲಿ ತಗೊಂಡಿದ್ರು ಅಂತ ಹೇಳಿದ್ರೇನ್ರೀ?" ಎಂದು ಶಿವಮೂರ್ತಪ್ಪ ಕೇಳಿದ.

ಅದನ್ನು ಅವರು ಹೇಳಿದವರಲ್ಲ. ಇದು ನನ್ನದಲ್ಲ, ಕೊಟ್ಟು ಬರಬೇಕು ಎಂದು ಹಬ್ಬ ಬಂದಾಗಲೆಲ್ಲ ಅನ್ನುತ್ತಿದ್ದರಂತೆ. ಯಾರಿಗೆ ಎಂದರೆ ಮಾತು ಬೇರೆಡೆಗೆ ತಿರುಗಿಸುತ್ತಿದ್ದರಂತೆ.

ಶಿವಮೂರ್ತಪ್ಪ ಆಕೆ ತಂದಿದ್ದ ಎರಡೂ ಪೆನ್ನುಗಳಲ್ಲಿ 'ಶ್ರೀ' ಬರೆದು ನೋಡಿದ. ಹೊಸದು ಕೈಗೆ ಭಾರ, ನಿಬ್ಬು ಗಡಸು, ಇಂಕು ಮಾತ್ರ ಹದವಾಗಿ ಇಳಿಯುತ್ತಿತ್ತು. ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯದು ಹಗುರ, ನುಣುಪು, ಆದರೆ ಕತ್ತಿನ ಹತ್ತಿರ ಸೋರಿ ಅವನ ಬೆರಳಿಗೆ ಮಸಿ ಹತ್ತಿತು. ಅದರ ನಿಬ್ಬನ್ನು ಭೂತಗನ್ನಡಿಯಲ್ಲಿ ನೋಡಿದ. ತುದಿ ಸವೆದೇ ಇರಲಿಲ್ಲ. ಮುಚ್ಚಳದ ತಿರುಪು ಮಾತ್ರ ತಿರುಗಿಸಿ ತಿರುಗಿಸಿ ನುಣ್ಣಗಾಗಿತ್ತು. ಕೊನೆಗೆ ಒಂದು ಗುಂಡುಸೂಜಿಯಿಂದ ನಿಬ್ಬಿನ ಸೀಳಿನಲ್ಲಿ ಸಿಕ್ಕಿದ್ದುದನ್ನು ಎಬ್ಬಿಸಿ ಕಾಗದದ ಮೇಲಿಟ್ಟ. ಗೆಣ್ಣುದ್ದದ ಒಂದು ಬಿಳಿ ಕೂದಲು, ತುದಿಯಿಂದ ಬುಡದವರೆಗೂ ಬಿಳಿ.

"ಮೇಷ್ಟ್ರದ್ದೇ ಇರಬೇಕ್ರೀ," ಎಂದ ಮಂಜಪ್ಪ. "ತಲಿಗೆ ಒರೆಸ್ಕೊಂತಿದ್ರಲ್ಲ?"

"ಇದು ಮೇಷ್ಟ್ರ ಪೆನ್ನಲ್ಲ ಅಂತಾನೇ ಅಲ್ಲೇನಪ್ಪ ಅಮ್ಮಾರು ಬಂದಿದ್ದು?"

ಮಂಜಪ್ಪ ಟೀ ತರಲು ಎದ್ದುಹೋದ.

ಭಾನುವಾರ ಇಬ್ಬರೂ ಸೊರಬಕ್ಕೆ ಹೋದರು. ದಾರಿಯುದ್ದಕ್ಕೂ ಮಂಜಪ್ಪ ಮಹಾಂತೇಶನೇ ಕಳ್ಳನೆಂದು ಸಾಧಿಸಿದ. ಮೊದಲೇ ಹೇಳಿ ಕರೆಸಿದ್ದರಿಂದ ಪಡಸಾಲೆಯಲ್ಲಿ ಅಂದಿನ ಮೂವರು ಅತಿಥಿಗಳೂ ಕೂತಿದ್ದರು. ಮೇಜಿನ ಮೇಲೆ ಪೆನ್ನು, ಹಾಳೆ, ಇಂಕಿನ ಬಾಟಲಿ ಬಿಟ್ಟರೆ ಒಂದು ಚಿಂದಿ ಬಟ್ಟೆಯೂ ಇರಕೂಡದು ಎಂದು ಶಿವಮೂರ್ತಪ್ಪ ಮೊದಲೇ ಹೇಳಿಸಿದ್ದ. ಹೊಸ ಪೆನ್ನಿನ ನಿಬ್ಬು ಸರಿ ಮಾಡಿ ತಂದಿದ್ದೇನೆ, ಇಂಕಿನಲ್ಲಿ ಅದ್ದಿ ಎಲ್ಲರೂ ಒಂದೊಂದು ಸಾಲು ಬರೆದು ನೋಡಬೇಕು ಎಂದು ಕೇಳಿಕೊಂಡ.

ಮಹಾಂತೇಶ ಬರೆದು, ತುಸು ಒರಟು ಎಂದು ತೀರ್ಪು ಕೊಟ್ಟು, ನಿಬ್ಬನ್ನು ಕರ್ಚೀಫಿಗೆ ಒರೆಸಿದ. ಚನ್ನೇಶ ಬರೆದು ಹಾಗೆಯೇ ಮೇಜಿನ ಮೇಲಿಟ್ಟ. ಕೆಂಪಪ್ಪ ಒಲ್ಲೆನೆಂದ. ಜ್ಯೋತಿಲಕ್ಷ್ಮಿ ಒತ್ತಾಯಿಸಿದ ಮೇಲೆ ಪೆನ್ನು ಅದ್ದಿ, ಉಸಿರು ಬಿಗಿಹಿಡಿದು, ಒಂದು 'ಶ್ರೀ' ಬರೆದ. ಆಮೇಲೆ ಅವನ ಕೈ ತಾನಾಗಿಯೇ ಕಿವಿಯ ಮೇಲೆ ಹೋಗಿ ನಿಬ್ಬನ್ನು ಬಿಳಿಗೂದಲಿಗೆ ಒರೆಸಿಕೊಂಡಿತು.

ಶಿವಮೂರ್ತಪ್ಪ ಮೆಲ್ಲಗೆ ಮಾತಾಡಿದ. ಪೆಟ್ಟಿಗೆಯಲ್ಲಿ ಸಿಕ್ಕ ಪೆನ್ನಿನ ನಿಬ್ಬು ಸವೆದಿಲ್ಲ, ಮುಚ್ಚಳದ ತಿರುಪು ಸವೆದಿದೆ. ಅಂದರೆ ಬರೆಯದೆ, ವರ್ಷಗಟ್ಟಲೆ ಬರೀ ತೆಗೆದು ನೋಡಿ ಮುಚ್ಚಿಟ್ಟವನ ಪೆನ್ನು ಅದು. ಪೆನ್ನು ಕೂಡಿಡುವ ಮಹಾಂತೇಶರಾಗಿದ್ದರೆ ಕತ್ತಿನ ಸೋರಿಕೆಯನ್ನು ಎಂದೋ ರಿಪೇರಿ ಮಾಡಿಸುತ್ತಿದ್ದರು. ಮೇಲಾಗಿ ಅವರು ಕೂದಲಿಗೆ ಬಣ್ಣ ಹಚ್ಚುತ್ತಾರೆ. ಮಾರುವ ಆಸೆಯವನು ಬದಲಿಗೆ ಅಂಥದ್ದೇ ಇನ್ನೊಂದನ್ನು ಇಟ್ಟು ಹೋಗುವುದಿಲ್ಲ. ಚನ್ನೇಶನದ್ದು ಕರಿ ತಲೆ. ಅಮ್ಮನವರದ್ದು ಉದ್ದ ಕೂದಲು. ಉಳಿದದ್ದು, ಮೇಷ್ಟ್ರ ಚಾಳಿಯನ್ನು ಮೇಷ್ಟ್ರ ಜೊತೆಗೇ ಕಲಿತ ಒಂದು ಬಿಳಿ ತಲೆ.

"ಜೋಡಿ ಪೆನ್ನು ಅಲ್ಲೇನ್ರೀ ಕೆಂಪಪ್ಪೋರೆ?"

ಕೆಂಪಪ್ಪ ಒಳಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಹಳೆಯದನ್ನೆಲ್ಲ ಹೇಳತೊಡಗಿದ. ಅವನು ಒಂಬತ್ತನೇ ಕ್ಲಾಸಿನಲ್ಲಿ ಒಂದು ವರ್ಷ ಫೇಲಾಗಿ ತಮ್ಮನ ಜೊತೆಯಲ್ಲೇ ಕೂತವನು. ಅಪ್ಪ ಇಬ್ಬರಿಗೂ ಒಂದೇ ದಿನ ಒಂದೇ ತರಹದ ಪೆನ್ನು ಕೊಡಿಸಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ತಮ್ಮನ ಪೆನ್ನು ಸೋರತೊಡಗಿತು. ಕೆಂಪಪ್ಪ ತನ್ನದನ್ನು ಅವನಿಗೆ ಕೊಟ್ಟು, ಸೋರುವುದನ್ನು ತಾನಿಟ್ಟುಕೊಂಡ. ತಮ್ಮ ಪಾಸಾದ, ಇವನಾಗಲಿಲ್ಲ. ಆ ವರ್ಷವೇ ಅಪ್ಪ ತೀರಿಕೊಂಡು ನೇಗಿಲು ಇವನ ಕೈಗೆ ಬಂತು.

"ವಾಪಸ್ ಕೊಡ್ತೀನಿ ಅಂತ ಬಂದಿದ್ದ ಶಂಕ್ರ. ಓದೋನ ಕೈಯಾಗೆ ಇರ್ಲಿ ಬಿಡೋ ಅಂದೆ. ಅವತ್ತು ಆ ಸೋರೋ ಪೆನ್ನು ತೋರ್ಸಿ, ಅವನು ಬರೀತಿದ್ದ ಪೆನ್ನು ನಿನ್ನೇ ಕೇಳಾಣ ಅಂತ ಇಂಕು ತುಂಬಿ, ತಲಿಗೆ ಒರೆಸ್ಕೊಂಡು ಬಂದಿದ್ದೆ ತಾಯಿ. ಒಂಬತ್ತು ವರ್ಷ ಮಾತಾಡ್ಸದೆ ಇದ್ದೋನು, ಯಾವ ಮುಖ ಇಟ್ಕೊಂಡು ಕೇಳ್ಲಿ? ಅವನು ಮುಟ್ಟಿದ್ದು ಒಂದು ನನ್ನ ಹತ್ರ ಇರ್ಬೇಕು ಅನ್ನಿಸ್ತು. ಬದ್ಲಿ ಮಾಡ್ಬಿಟ್ಟೆ, ತಪ್ಪಾತು."

ಜ್ಯೋತಿಲಕ್ಷ್ಮಿ ಆ ಪೆನ್ನು ತೆಗೆದುಕೊಂಡು, ವಾಲಿಸಿ ಹಿಡಿದು, ಒಂದು ಸಾಲು ಬರೆದರು. ಅಕ್ಷರ ಎಲ್ಲೂ ತುಂಡಾಗಲಿಲ್ಲ. ಬರೆದು ಮುಗಿದ ಮೇಲೂ ಬಹಳ ಹೊತ್ತು ಅದನ್ನು ಹಾಗೆಯೇ ಹಿಡಿದು ಕೂತಿದ್ದರು. ಆಮೇಲೆ ಮುಚ್ಚಳ ಹಾಕಿ ಎರಡೂ ಕೈಯಲ್ಲಿ ಕೆಂಪಪ್ಪನ ಮುಂದೆ ಚಾಚಿದರು.

"ಕೊಟ್ಟು ಬರ್ಬೇಕು ಅಂತಿದ್ರು ಭಾವ, ನಿಮಗೇ ಅಂತ ನಂಗೆ ಗೊತ್ತಿರ್ಲಿಲ್ಲ. ಅವರ ಕೈಲಿ ಆಗಿಲ್ಲ, ನಾನು ಕೊಡ್ತಿದ್ದೀನಿ. ಆದ್ರೆ ಇದನ್ನ ಬಿಟ್ಟಿರೋಕೆ ನಂಗೂ ಆಗಲ್ಲ. ತಿಂಗಳಿಗೊಂದ್ಸಲ ತಗೊಂಡು ಬನ್ನಿ, ಒಂದು ಸಾಲು ಬರ್ಕೊಳ್ತೀನಿ."

ಕೆಂಪಪ್ಪ ತಲೆಯಾಡಿಸಿದ. ಪೆನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮಂಜಪ್ಪ ಜೇಬಿನ ಫೋನನ್ನು ಮುಟ್ಟಿ ನೋಡಿಕೊಂಡ. ಅವನಿಗೂ ಹಾವೇರಿಯಲ್ಲಿ ಒಬ್ಬ ತಮ್ಮನಿದ್ದ, ಫೋನು ಮಾಡಿ ಎರಡು ವರ್ಷವಾಗಿತ್ತು.

ಈಗ ಪೆಟ್ಟಿಗೆಯಲ್ಲಿ ಉಳಿದದ್ದು ಸೋರುವ ಪೆನ್ನು, ಮೇಷ್ಟ್ರಿಗೆ ಅವರಪ್ಪ ಕೊಡಿಸಿದ್ದ ಮೊದಲ ಪೆನ್ನು. ಜ್ಯೋತಿಲಕ್ಷ್ಮಿ ಅದನ್ನು ತೆಗೆದು ಗಂಡನ ಹೆಸರು ಬರೆದರು. ಬೆರಳಿಗೆಲ್ಲ ಮಸಿ ಇಳಿಯಿತು. ಒರೆಸಲು ಬಟ್ಟೆಗಾಗಿ ಮೇಜಿನ ಮೇಲೆ ಹುಡುಕಿದರು, ಇರಲಿಲ್ಲ. ಕೊನೆಗೆ ನಿಬ್ಬನ್ನು ತಮ್ಮ ನರೆತ ಬೈತಲೆಯ ಪಕ್ಕಕ್ಕೆ ಒಯ್ದು ಕೂದಲಿಗೆ ಒರೆಸಿಕೊಂಡರು.